ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಆಯ್ಕೆ

ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಆಯ್ಕೆ ಎಂದರೆ ಹೊರೆ ತುಂಬಿದ ಟ್ರೇಲರನ್ನು ರಸ್ತೆಯ ಮೇಲೆ ಎಳೆದೊಯ್ಯುವುದಕ್ಕೂ ಬೇಕಾದ ಜಾಗದಲ್ಲಿ ಅದನ್ನು ನಿಲ್ಲಿಸುವುದಕ್ಕೂ ತಕ್ಕ ಟ್ರ್ಯಾಕ್ಟರನ್ನು ಗೊತ್ತುಮಾಡಿಕೊಳ್ಳುವ ಕ್ರಮವಾಗಿದೆ. ಟ್ರೇಲರಿಗೆ ಸ್ವಂತ ಎಂಜಿನ್ ಇರುವುದಿಲ್ಲ. ಆಡುಮಾತಿನಲ್ಲಿ ಇದನ್ನು ಟ್ರಾಲಿ ಎಂದೂ ಕರೆಯುತ್ತಾರೆ. ತುಮಕೂರು ನಗರದ ಸುತ್ತಮುತ್ತ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ತೆಂಗಿನಕಾಯಿ, ರಾಗಿ ಹುಲ್ಲು, ಕೊಟ್ಟಿಗೆ ಗೊಬ್ಬರ, ಕೆರೆ ಗೋಡು, ಇಟ್ಟಿಗೆ, ಮರಳು, ಕುಡಿಯುವ ನೀರು ಮೊದಲಾದವು ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿಯೇ ಸಾಗುತ್ತವೆ. ಟ್ರ್ಯಾಕ್ಟರ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಅಶ್ವಶಕ್ತಿಯನ್ನು. ಆದರೆ ರಸ್ತೆ ಸಾಗಣೆಯಲ್ಲಿ ಅಶ್ವಶಕ್ತಿಯ ಕೊರತೆಯಿಂದ ಆಗುವ ತೊಂದರೆ ಅಲ್ಪ. ಟ್ರ್ಯಾಕ್ಟರಿನ ಸ್ವಂತ ತೂಕ, ಹಿಂಚಕ್ರಗಳ ಹಿಡಿತ, ಕೊಂಡಿಯ ಮೇಲೆ ಬೀಳುವ ಭಾರ ಮತ್ತು ಬ್ರೇಕಿನ ಸಾಮರ್ಥ್ಯ ಇವುಗಳೇ ಆಯ್ಕೆಯನ್ನು ನಿರ್ಧರಿಸಬೇಕಾದ ಅಂಶಗಳು.

ಹಿನ್ನೆಲೆ

ಟ್ರ್ಯಾಕ್ಟರ್ ಬರುವುದಕ್ಕೆ ಮುನ್ನ ಈ ಸೀಮೆಯಲ್ಲಿ ಹೊರೆ ಎಳೆಯುತ್ತಿದ್ದುದು ಹಳ್ಳಿಕಾರ್ ತಳಿಯ ಎತ್ತುಗಳು. ಹಿಂದಿನ ಮೈಸೂರು ಸಂಸ್ಥಾನದ ದಕ್ಷಿಣ ಭಾಗ, ಅದರಲ್ಲಿಯೂ ತುಮಕೂರು, ಹಾಸನ, ಮಂಡ್ಯ, ಮೈಸೂರು ಮತ್ತು ಬೆಂಗಳೂರು ಸುತ್ತಿನ ಜಿಲ್ಲೆಗಳು, ಈ ತಳಿಯ ನೆಲೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅಲ್ಲಿ ಸೈನ್ಯದ ಫಿರಂಗಿ ಮತ್ತು ಸಾಮಾನು ಎಳೆಯಲು ಬೆಳೆಸಿದ ಅಮೃತಮಹಲ್ ತಳಿಗೂ ಹಳ್ಳಿಕಾರ್ ಮೂಲವೆಂದು ಹೇಳಲಾಗುತ್ತದೆ. ಚಿದಂಬರದ ನೆರವಿಗೆ ಹೊರಟ ಹೈದರ್ ಅಲಿಯ ಸೈನ್ಯವು ಈ ಎತ್ತುಗಳ ಬಲದಿಂದ ೧೦೦ ಮೈಲಿ ದೂರವನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿತೆಂಬ ಮಾತು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಕುಣಿಗಲ್ ತನ್ನ ಕುದುರೆ ಫಾರಂನಿಂದ ಹೆಸರಾಗಿದ್ದರೂ ಅಲ್ಲಿಯ ಕುದುರೆ ಸವಾರಿಗೆ ಮೀಸಲಾಗಿತ್ತು. ಊರಿನ ಹೊರೆಯನ್ನು ಎಳೆದದ್ದು ಎತ್ತು. ಭಾರತೀಯ ಅಂಚೆ ಇಲಾಖೆ ೨೦೦೦ದಲ್ಲಿ ದೇಶಿ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಹಳ್ಳಿಕಾರ್ ತಳಿಯೂ ಸೇರಿತ್ತು.

ಸಿದ್ಧಗಂಗೆಯ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ಹಿಡಿದು ವಯಸ್ಸು ನೋಡುತ್ತಿದ್ದನು, ಸುಳಿ ನೋಡುತ್ತಿದ್ದನು, ಗೊರಸು ಮತ್ತು ಹೆಗಲು ನೋಡುತ್ತಿದ್ದನು. ಅದಕ್ಕಿಂತ ಹೆಚ್ಚಾಗಿ ಜೋಡಿಯ ಎತ್ತರ ಮತ್ತು ನಡಿಗೆ ಒಂದಕ್ಕೊಂದು ಹೊಂದುವುದೇ ಎಂಬುದನ್ನು ಪರೀಕ್ಷಿಸುತ್ತಿದ್ದನು. ಎತ್ತು ತನ್ನ ದೇಹತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಬಹಳ ಹೊತ್ತು ಎಳೆಯಬಲ್ಲದು. ಆದ್ದರಿಂದ ಹೊರೆಗೆ ತಕ್ಕ ಎತ್ತು ಎಂಬ ಲೆಕ್ಕ ರೈತರಿಗೆ ಹೊಸದೇನೂ ಅಲ್ಲ. ಗಾಡಿ ತುಂಬುವುದರಲ್ಲಿಯೂ ಒಂದು ಲೆಕ್ಕವಿತ್ತು. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಕುತ್ತಿಗೆಯನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲಿನ ಮೇಲೆ ಕುಳಿತು ಹುಣ್ಣು ಮಾಡುತ್ತದೆ. ಇಳಿಜಾರಿನಲ್ಲಿ ಗಾಡಿ ಎತ್ತುಗಳನ್ನು ಹಿಂದಿನಿಂದ ತಳ್ಳದಂತೆ ಹಲವು ಗಾಡಿಗಳಿಗೆ ಚಕ್ರದ ಪಟ್ಟೆಯನ್ನು ಒತ್ತಿ ಹಿಡಿಯುವ ಮರದ ಬಿರಿ ಇರುತ್ತಿತ್ತು. ಆ ಬಿರಿಯು ಎಳೆಯುವ ಎತ್ತನ್ನಲ್ಲ, ಹೊರೆ ಹೊತ್ತ ಚಕ್ರವನ್ನೇ ತಡೆಯುತ್ತಿತ್ತು ಎಂಬುದು ಗಮನಾರ್ಹ. ಇಂದು ಹಳ್ಳಿಗಳಲ್ಲಿ ಕಾಣುವ ಟ್ರೇಲರುಗಳು ಎತ್ತಿನ ಗಾಡಿಗಿಂತ ನಾಲ್ಕೈದು ಪಟ್ಟು ಹೊರೆ ಹೊರುತ್ತವೆಯಾದರೂ ಅನೇಕವುಗಳ ಚಕ್ರಗಳಿಗೆ ಯಾವ ಬ್ರೇಕೂ ಇರುವುದಿಲ್ಲ.

ಹೊರೆಯ ತೂಕ

ಆಯ್ಕೆಯ ಮೊದಲ ಹೆಜ್ಜೆ ಎಳೆಯಬೇಕಾದ ಒಟ್ಟು ತೂಕವನ್ನು ತಿಳಿಯುವುದು. ಇದರಲ್ಲಿ ಖಾಲಿ ಟ್ರೇಲರಿನ ತೂಕವೂ ಸೇರಬೇಕು. ಹೊರೆಯನ್ನು ‘ಒಂದು ಲೋಡು’ ಎಂದು ಎಣಿಸುವ ರೂಢಿಯಿಂದ ನಿಜವಾದ ತೂಕ ಮರೆಯಾಗುತ್ತದೆ. ಮರಳನ್ನು ಘನ ಅಡಿಗಳಲ್ಲಿ ಅಳೆಯುತ್ತಾರೆ. ೧೦೦ ಘನ ಅಡಿ ಒಣ ಮರಳು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಅದೇ ಮರಳು ನೆನೆದಿದ್ದರೆ ಐದು ಟನ್ ದಾಟುತ್ತದೆ. ಸಾವಿರ ಇಟ್ಟಿಗೆ, ಒಂದೊಂದು ಮೂರು ಕಿಲೋ ಎಂದು ಹಿಡಿದರೆ, ಮೂರು ಟನ್. ಬೇಸಗೆಯಲ್ಲಿ ಕೆರೆಯಿಂದ ತೋಟಕ್ಕೆ ಹೊಡೆಯುವ ಗೋಡು ಹಸಿಯಾಗಿದ್ದಷ್ಟೂ ಭಾರ. ಟ್ರೇಲರಿನ ಪಕ್ಕದ ಹಲಗೆಗಳ ಮೇಲೆ ಇನ್ನೊಂದು ಸಾಲು ಹಲಗೆ ಏರಿಸಿ ತುಂಬುವ ಅಭ್ಯಾಸ ಹುಲ್ಲಿಗೆ ಸರಿ, ಗೋಡಿಗೆ ಅಲ್ಲ.

ರಾಗಿ ಹುಲ್ಲು ಇದಕ್ಕೆ ವಿರುದ್ಧವಾದ ಉದಾಹರಣೆ. ಅದರ ತೂಕ ಕಡಿಮೆ, ಆದರೆ ಎತ್ತರ ಹೆಚ್ಚು. ಎತ್ತರ ಹೆಚ್ಚಿದಂತೆ ಗುರುತ್ವಕೇಂದ್ರ ಮೇಲೇರಿ ತಿರುವಿನಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಟ್ರೇಲರ್ ಮಗುಚಿಕೊಳ್ಳುವ ಸಂಭವ ಹೆಚ್ಚುತ್ತದೆ. ನೀರಿನ ಟ್ಯಾಂಕರ್ ಮೂರನೆಯ ಬಗೆಯದು. ತುಮಕೂರಿನ ಬಡಾವಣೆಗಳಿಗೆ ನೀರು ಪೂರೈಸುವ ೪,೦೦೦ ಲೀಟರಿನ ಟ್ಯಾಂಕಿನಲ್ಲಿ ನೀರೇ ನಾಲ್ಕು ಟನ್ ಇರುತ್ತದೆ. ಟ್ಯಾಂಕು ತುಂಬಿದ್ದರೆ ಅದು ಗಟ್ಟಿ ಹೊರೆಯಂತೆ ವರ್ತಿಸುತ್ತದೆ. ಅರ್ಧ ತುಂಬಿದ್ದರೆ ಬ್ರೇಕ್ ಹಾಕಿದಾಗ ನೀರು ಮುಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ನುಗ್ಗಿ ವಾಹನವನ್ನು ದೂಡುತ್ತದೆ. ಟ್ಯಾಂಕಿನೊಳಗೆ ಅಡ್ಡತಡೆಯ ತಗಡುಗಳಿದ್ದರೆ ಈ ನುಗ್ಗುವಿಕೆ ತಗ್ಗುತ್ತದೆ.

ಎಳೆಯುವ ಬಲ ಮತ್ತು ಹಿಡಿತ

ಚಕ್ರದ ಮೇಲೆ ಉರುಳುವ ಹೊರೆಯನ್ನು ಎಳೆಯಲು ಅದರ ಪೂರ್ಣ ತೂಕದಷ್ಟು ಬಲ ಬೇಕಾಗಿಲ್ಲ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಒಟ್ಟು ತೂಕದ ನೂರಕ್ಕೆ ಸುಮಾರು ಎರಡು ಪಾಲು, ಮಣ್ಣಿನ ರಸ್ತೆಯಲ್ಲಿ ಸುಮಾರು ಆರು ಪಾಲು, ಉತ್ತ ಹೊಲದಲ್ಲಿ ಅದಕ್ಕೂ ಹೆಚ್ಚು ಬಲ ಬೇಕಾಗುತ್ತದೆ. ಏರು ಬಂದರೆ ಇದರ ಜೊತೆಗೆ ಏರಿನ ಪ್ರಮಾಣದಷ್ಟು ಬಲ ಸೇರುತ್ತದೆ. ಹನ್ನೆರಡು ಅಡಿ ಸಾಗಿದಾಗ ಒಂದು ಅಡಿ ಏರುವ ರಸ್ತೆಯಲ್ಲಿ ಒಟ್ಟು ತೂಕದ ಹನ್ನೆರಡನೆಯ ಒಂದು ಪಾಲು ಹೆಚ್ಚುವರಿಯಾಗಿ ಬೇಕು.

ಉದಾಹರಣೆಗೆ ೪೫ ಅಶ್ವಶಕ್ತಿಯ, ೨,೦೦೦ ಕಿಲೋ ತೂಕದ ಟ್ರ್ಯಾಕ್ಟರೊಂದು ೧,೫೦೦ ಕಿಲೋ ತೂಕದ ಟ್ರೇಲರಿನಲ್ಲಿ ೪,೫೦೦ ಕಿಲೋ ಮರಳನ್ನು ಎಳೆಯುತ್ತಿದೆ ಎಂದು ಭಾವಿಸಬಹುದು. ಒಟ್ಟು ತೂಕ ೮,೦೦೦ ಕಿಲೋ. ಸಮತಟ್ಟಾದ ಡಾಂಬರಿನ ಮೇಲೆ ಇದನ್ನು ಎಳೆಯಲು ೧೬೦ ಕಿಲೋಗ್ರಾಂ ಬಲ ಸಾಕು. ಇಲ್ಲಿ ಒಂದು ಕಿಲೋಗ್ರಾಂ ಬಲವೆಂದರೆ ಒಂದು ಕಿಲೋ ತೂಕವನ್ನು ಎತ್ತಿ ಹಿಡಿಯಲು ಬೇಕಾದಷ್ಟು ಬಲ. ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ಇದಕ್ಕೆ ತಗಲುವ ಶಕ್ತಿ ೧೫ ಅಶ್ವಶಕ್ತಿ ಮಾತ್ರ. ಹನ್ನೆರಡಕ್ಕೆ ಒಂದರ ಏರಿನಲ್ಲಿ ಬೇಕಾದ ಬಲ ಸುಮಾರು ೮೨೭ ಕಿಲೋಗ್ರಾಂಗೆ ಏರುತ್ತದೆ. ಕೆಳಗಿನ ಗೇರಿನಲ್ಲಿ ಗಂಟೆಗೆ ೮ ಕಿಲೋಮೀಟರ್ ವೇಗದಿಂದ ಹತ್ತಿದರೆ ಸುಮಾರು ೨೫ ಅಶ್ವಶಕ್ತಿ ಸಾಕಾಗುತ್ತದೆ. ಎಂಜಿನ್ನಿನಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ.

ತೊಡಕು ಇರುವುದು ಚಕ್ರ ಮತ್ತು ನೆಲ ಕೂಡುವ ಜಾಗದಲ್ಲಿ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎಳೆಯುವುದು ಹಿಂಚಕ್ರಗಳು ಮಾತ್ರ. ಟ್ರ್ಯಾಕ್ಟರಿನ ೨,೦೦೦ ಕಿಲೋ ತೂಕದಲ್ಲಿ ಸುಮಾರು ೧,೩೦೦ ಕಿಲೋ ಹಿಂಚಕ್ರಗಳ ಮೇಲಿರುತ್ತದೆ. ಟ್ರೇಲರಿನ ಮೂತಿ ಕೊಂಡಿಯ ಮೇಲೆ ಇನ್ನು ೬೦೦ ಕಿಲೋ ಹೇರಿದರೆ ೧,೯೦೦ ಕಿಲೋ ಆಗುತ್ತದೆ. ಒಣ ರಸ್ತೆಯಲ್ಲಿ ಈ ಭಾರದ ಹತ್ತರಲ್ಲಿ ಆರು ಪಾಲಿನಷ್ಟು, ಅಂದರೆ ೧,೧೪೦ ಕಿಲೋಗ್ರಾಂ ಬಲವನ್ನು ಚಕ್ರ ಜಾರದೆ ನೆಲಕ್ಕೆ ದಾಟಿಸಬಹುದು. ಮಳೆಗಾಲದಲ್ಲಿ ಕೆಸರು ಮೆತ್ತಿದ ರಸ್ತೆಯಲ್ಲಿ ಹಿಡಿತ ಮೂರನೆಯ ಒಂದು ಪಾಲಿಗೆ ಹತ್ತಿರವಾಗಿ, ಸಿಗುವ ಬಲ ೬೬೫ ಕಿಲೋಗ್ರಾಂಗೆ ಇಳಿಯುತ್ತದೆ. ಅದೇ ಏರನ್ನು ಅದೇ ಹೊರೆಯೊಡನೆ ಹತ್ತಲು ಆಗ ಅದು ಸಾಲದು. ಎಂಜಿನ್ ಗರ್ಜಿಸುತ್ತದೆ, ಚಕ್ರ ನಿಂತಲ್ಲೇ ಸುತ್ತುತ್ತದೆ. ಇಂಥ ಕಡೆ ೪೫ರ ಬದಲು ೫೫ ಅಶ್ವಶಕ್ತಿಯ ಎಂಜಿನ್ ಇದ್ದರೂ, ಟ್ರ್ಯಾಕ್ಟರಿನ ತೂಕ ಅಷ್ಟೇ ಇದ್ದರೆ, ಫಲ ಬೇರೆಯಾಗುವುದಿಲ್ಲ.

ಆದ್ದರಿಂದ ಒಂದೇ ಅಶ್ವಶಕ್ತಿಯ ಎರಡು ಟ್ರ್ಯಾಕ್ಟರುಗಳಲ್ಲಿ ಟ್ರೇಲರ್ ಕೆಲಸಕ್ಕೆ ಹೆಚ್ಚು ತೂಕದ್ದು ಮೇಲು. ಅಗಲವಾದ ಹಿಂಟೈರು, ಹಿಂಚಕ್ರಕ್ಕೆ ಜೋಡಿಸುವ ಕಬ್ಬಿಣದ ತೂಕಗಳು, ಟೈರಿನೊಳಗೆ ನೀರು ತುಂಬುವುದು ಇವು ಹಿಡಿತವನ್ನು ಹೆಚ್ಚಿಸುವ ಅಗ್ಗದ ದಾರಿಗಳು. ನಾಲ್ಕೂ ಚಕ್ರ ಎಳೆಯುವ ಟ್ರ್ಯಾಕ್ಟರು ಕೆಸರಿನಲ್ಲಿ ಬಹಳ ಅನುಕೂಲ, ಬೆಲೆ ಮಾತ್ರ ಹೆಚ್ಚು. ಅಡಿಕೆ ಮತ್ತು ತೆಂಗಿನ ತೋಟಗಳ ಸಾಲುಗಳ ನಡುವೆ ಓಡಾಡಲೆಂದು ಗುಬ್ಬಿ ಕಡೆ ಹೆಚ್ಚಾಗಿ ಕೊಳ್ಳುವ ಮಿನಿ ಟ್ರ್ಯಾಕ್ಟರುಗಳ ವಿಷಯ ಇಲ್ಲಿಯೇ ಹೇಳಬೇಕು. ೨೦ ಅಶ್ವಶಕ್ತಿಯ ಆಸುಪಾಸಿನ ಇವುಗಳ ತೂಕ ಸುಮಾರು ೯೦೦ ಕಿಲೋ. ತೋಟದೊಳಗೆ ಕಾಯಿ ಹೊರಲು ತಕ್ಕ ಸಣ್ಣ ಟ್ರೇಲರಿಗೆ ಅವು ಸರಿ. ದೊಡ್ಡ ಟ್ರೇಲರನ್ನು ಕಟ್ಟಿಕೊಂಡು ಹೆದ್ದಾರಿಗೆ ಇಳಿಯಲು ಅವು ಯಾವ ರೀತಿಯಲ್ಲಿಯೂ ತಕ್ಕವಲ್ಲ.

ಕೊಂಡಿಯ ಮೇಲಿನ ಭಾರ

ಟ್ರೇಲರುಗಳಲ್ಲಿ ಎರಡು ಚಕ್ರದವು, ನಾಲ್ಕು ಚಕ್ರದವು ಎಂದು ಮುಖ್ಯವಾಗಿ ಎರಡು ಬಗೆ. ಒಂದೇ ಅಚ್ಚಿನ ಎರಡು ಚಕ್ರದ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಇಡುತ್ತದೆ. ಮುಂದೆ ತಿರುಗುವ ಅಚ್ಚುಳ್ಳ ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ; ಕೊಂಡಿಗೆ ಎಳೆತ ಮಾತ್ರ ತಲಪುತ್ತದೆ. ಎರಡನೆಯದು ಟ್ರ್ಯಾಕ್ಟರಿಗೆ ಹಗುರವೆಂದು ತೋರಿದರೂ ಹಿಂಚಕ್ರಗಳಿಗೆ ಹೆಚ್ಚುವರಿ ಹಿಡಿತ ಸಿಗದ ಕಾರಣ ಅದನ್ನು ಎಳೆಯಲು ಇನ್ನೂ ತೂಕದ ಟ್ರ್ಯಾಕ್ಟರ್ ಬೇಕಾಗುತ್ತದೆ.

ಎರಡು ಚಕ್ರದ ಟ್ರೇಲರಿನಲ್ಲಿ ಒಟ್ಟು ಭಾರದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಬೀಳುವಂತೆ ತುಂಬುವುದು ಒಳ್ಳೆಯ ಕ್ರಮ. ಇಟ್ಟಿಗೆ, ಕಲ್ಲುಗಳನ್ನು ಹಿಂಬಾಗಿಲಿನ ಹತ್ತಿರವೇ ಪೇರಿಸಿದರೆ ಇಳಿಸಲು ಸುಲಭ. ಆದರೆ ಟ್ರೇಲರಿನ ಮೂತಿ ಮೇಲಕ್ಕೆ ಒತ್ತಿ ಟ್ರ್ಯಾಕ್ಟರಿನ ಹಿಂಚಕ್ರಗಳನ್ನು ಹಗುರಗೊಳಿಸುತ್ತದೆ. ಗಾಡಿಯ ಮೂಕಿ ಮೇಲೇಳುತ್ತಿದ್ದಂತೆಯೇ ಇದು. ವೇಗ ಹೆಚ್ಚಿದಾಗ ಇಂಥ ಟ್ರೇಲರ್ ಬಾಲದಂತೆ ಅತ್ತಿತ್ತ ತೂಗಾಡತೊಡಗುತ್ತದೆ. ಇದಕ್ಕೆ ವಿರುದ್ಧವಾಗಿ ಭಾರವೆಲ್ಲ ಮುಂದೆ ಬಂದರೆ ಟ್ರ್ಯಾಕ್ಟರಿನ ಮುಂಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಕೇಳುವುದಿಲ್ಲ. ಕುಣಿಗಲಿನ ನೆರೆಯ ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಕಾಲದಲ್ಲಿ ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿ ಎಳೆಯುವಾಗ ಏರಿನಲ್ಲಿ ಟ್ರ್ಯಾಕ್ಟರಿನ ಮುಂಭಾಗ ನೆಲ ಬಿಟ್ಟೇಳುವುದನ್ನು ಕಾಣಬಹುದು. ಮುಂಭಾಗಕ್ಕೆ ಕಬ್ಬಿಣದ ತೂಕ ಜೋಡಿಸುವುದು ಇದಕ್ಕೆ ಪರಿಹಾರವಾದರೂ ಹೊರೆಯೇ ಮಿತಿ ಮೀರಿದಲ್ಲಿ ಅದು ಪರಿಹಾರವಾಗದು.

ಕೊಂಡಿ ಎಷ್ಟು ಎತ್ತರದಲ್ಲಿದೆ ಎಂಬುದು ಜೀವದ ಪ್ರಶ್ನೆ. ಎಳೆತವು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗಿದ್ದರೆ ಟ್ರ್ಯಾಕ್ಟರ್ ನೆಲ ಕಚ್ಚಿ ನಿಲ್ಲುತ್ತದೆ. ನೇಗಿಲು ಜೋಡಿಸುವ ಮೇಲಿನ ಸಲಾಕೆಗೋ ಅಚ್ಚಿಗಿಂತ ಎತ್ತರದ ಬೇರಾವುದೋ ಜಾಗಕ್ಕೋ ಸರಪಳಿ ಕಟ್ಟಿ, ಕೆಸರಿನಲ್ಲಿ ಹೂತ ಟ್ರೇಲರನ್ನು ಎಳೆಯಹೊರಟರೆ ಮುಂಚಕ್ರಗಳು ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳಬಹುದು. ಇದು ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ; ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ. ಟ್ರೇಲರನ್ನು ತಯಾರಕರು ಅದಕ್ಕೆಂದೇ ಕೊಟ್ಟ ಕೊಂಡಿಗೆ ಮಾತ್ರ ಜೋಡಿಸಬೇಕು. ಕೊಂಡಿಯ ಪಿನ್ನು ಸವೆದಿರಬಾರದು, ಅದು ಜಿಗಿದು ಹೊರಬರದಂತೆ ಕೆಳಗೆ ಕೀಲು ಇರಬೇಕು. ಪಿನ್ನು ಮುರಿದರೂ ಟ್ರೇಲರ್ ಕಳಚಿ ಹೋಗದಂತೆ ಪಕ್ಕದಲ್ಲಿ ಸುರಕ್ಷಾ ಸರಪಳಿಯೂ ಬೇಕು.

ನಿಲ್ಲಿಸುವ ಬಲ

ಟ್ರ್ಯಾಕ್ಟರುಗಳ ಬ್ರೇಕು ಸಾಮಾನ್ಯವಾಗಿ ಹಿಂಚಕ್ರಗಳಿಗೆ ಮಾತ್ರ ಇರುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಎಂಟು ಟನ್ ತೂಕವನ್ನು ನಿಲ್ಲಿಸುವ ಹೊಣೆ ಆ ಎರಡು ಚಕ್ರಗಳದ್ದೇ. ಮೇಲಿನ ಉದಾಹರಣೆಯ ಟ್ರ್ಯಾಕ್ಟರ್ ಒಂಟಿಯಾಗಿ ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಬ್ರೇಕ್ ಹಿಡಿದ ಮೇಲೆ ಆರೇಳು ಮೀಟರಿನಲ್ಲಿ ನಿಲ್ಲುತ್ತದೆ. ಹೊರೆ ತುಂಬಿದ ಎರಡು ಚಕ್ರದ ಟ್ರೇಲರಿನೊಡನೆ ಅದೇ ವೇಗದಲ್ಲಿ ನಿಲ್ಲಲು, ಉರುಳುವ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸುಮಾರು ೧೭ ಮೀಟರ್ ಬೇಕು. ಕೊಂಡಿಯ ಮೇಲೆ ಭಾರವಿಡದ ನಾಲ್ಕು ಚಕ್ರದ ಟ್ರೇಲರಾದರೆ ೨೫ ಮೀಟರ್. ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ ಎರಡು ಚಕ್ರದ ಟ್ರೇಲರಿನೊಡನೆಯೇ ಈ ದೂರ ೪೦ ಮೀಟರ್ ದಾಟುತ್ತದೆ. ಚಾಲಕನು ಎಚ್ಚೆತ್ತು ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲಿ ವಾಹನ ಸಾಗುವ ಏಳು ಮೀಟರ್ ಇವುಗಳಲ್ಲಿ ಸೇರಿಲ್ಲ.

ಅದೇ ಇಳಿಜಾರು ಮಳೆಯಲ್ಲಿ ಕೆಸರಾಗಿದ್ದರೆ ಲೆಕ್ಕ ಭಯ ಹುಟ್ಟಿಸುವಂಥದು. ಎಂಟು ಟನ್ ತೂಕವನ್ನು ಇಳಿಜಾರು ಕೆಳಕ್ಕೆ ಎಳೆಯುವ ಬಲ ೬೬೭ ಕಿಲೋಗ್ರಾಂ. ಚಕ್ರಗಳು ಪೂರ್ತಿ ಬಿಗಿದರೂ ನೆಲದಿಂದ ಸಿಗುವ ತಡೆ ೬೬೫ ಕಿಲೋಗ್ರಾಂ. ಅಂದರೆ ಬ್ರೇಕ್ ಎಷ್ಟೇ ಒಳ್ಳೆಯದಿದ್ದರೂ ವೇಗ ಬಹುತೇಕ ಇಳಿಯುವುದೇ ಇಲ್ಲ. ಅಷ್ಟರಲ್ಲಿ ಟ್ರೇಲರ್ ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಿಬಿಡುತ್ತದೆ. ಇಬ್ಬಾಗಿ ಮಡಚಿದ ಚಾಕುವಿನಂತೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಇದೇ ಹೊರೆಯನ್ನು ಸಮತಟ್ಟಾದ ದಾರಿಯಲ್ಲಿ ಎಳೆಯಲು ೧೫ ಅಶ್ವಶಕ್ತಿ ಸಾಕಾಗಿತ್ತೆಂಬುದನ್ನು ನೆನೆದರೆ ಎಳೆಯುವ ಸಾಮರ್ಥ್ಯಕ್ಕೂ ನಿಲ್ಲಿಸುವ ಸಾಮರ್ಥ್ಯಕ್ಕೂ ಇರುವ ಅಂತರ ತಿಳಿಯುತ್ತದೆ.

ಟ್ರೇಲರಿನ ಚಕ್ರಗಳಿಗೇ ಬ್ರೇಕ್ ಅಳವಡಿಸುವುದು ಇದಕ್ಕೆ ಸರಿಯಾದ ಪರಿಹಾರ. ಟ್ರ್ಯಾಕ್ಟರಿನ ಬ್ರೇಕಿನೊಡನೆ ಕೂಡಿ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಉತ್ತಮ. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಆ ತಳ್ಳುವಿಕೆಯಿಂದಲೇ ಹಿಡಿಯುವ ಸರಳ ಬ್ರೇಕುಗಳೂ ಇವೆ. ಟ್ರ್ಯಾಕ್ಟರ್ ಕೊಳ್ಳುವಾಗ ಎಣ್ಣೆಯಲ್ಲಿ ಮುಳುಗಿರುವ ಡಿಸ್ಕ್ ಬ್ರೇಕನ್ನು ಆರಿಸಿಕೊಳ್ಳುವುದು ಮೇಲು. ಒಣ ಡಿಸ್ಕಿಗೆ ಹೋಲಿಸಿದರೆ ಅದು ಬೇಗ ಕಾಯುವುದಿಲ್ಲ, ಕೆಸರು ನೀರು ಒಳಹೋಗುವುದಿಲ್ಲ.

ಟ್ರ್ಯಾಕ್ಟರಿನಲ್ಲಿ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲು ಇರುತ್ತದೆ. ಹೊಲದ ತುದಿಯಲ್ಲಿ ಚಿಕ್ಕದಾಗಿ ತಿರುಗಿಸಿಕೊಳ್ಳಲು ಇದು ಬೇಕು. ರಸ್ತೆಗೆ ಬಂದೊಡನೆ ಎರಡನ್ನೂ ಕೂಡಿಸುವ ಅಗುಳಿಯನ್ನು ಹಾಕಬೇಕು. ಹೊಲದಿಂದ ನೇರವಾಗಿ ಹೆದ್ದಾರಿಗೆ ಬಂದವನು ಇದನ್ನು ಮರೆತು ಒಂದೇ ಪೆಡಲನ್ನು ಒತ್ತಿದರೆ ಟ್ರ್ಯಾಕ್ಟರ್ ಆ ಪಕ್ಕಕ್ಕೆ ಸೆಳೆದು ಮಗುಚುತ್ತದೆ.

ಪ್ರದೇಶದ ರಸ್ತೆಗಳು

ತುಮಕೂರಿನ ಮೂಲಕ ಬೆಂಗಳೂರು–ಪುಣೆ ಹೆದ್ದಾರಿಯೂ, ಗುಬ್ಬಿಯ ಮೂಲಕ ತಿಪಟೂರು, ಅರಸೀಕೆರೆಗಳ ಕಡೆಗೆ ಹೋಗುವ ಹೆದ್ದಾರಿಯೂ, ಕುಣಿಗಲ್ ಮೂಲಕ ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿಯೂ ಹಾದುಹೋಗುತ್ತವೆ. ಲಾರಿ ಬಸ್ಸುಗಳು ಅತಿ ವೇಗದಲ್ಲಿ ಸಾಗುವ ಈ ರಸ್ತೆಗಳಿಗೆ ಗಂಟೆಗೆ ೨೫–೩೦ ಕಿಲೋಮೀಟರ್ ವೇಗದ ಟ್ರೇಲರ್ ಬಂದು ಸೇರುತ್ತದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ನಸುಕಿನಲ್ಲಿ ಹೊರಟ ಟ್ರೇಲರಿಗೆ ಹಿಂದೆ ಕೆಂಪು ದೀಪ ಉರಿಯದಿದ್ದರೆ, ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಹುಲ್ಲು ಜೋತುಬಿದ್ದು ದೀಪ ಮುಚ್ಚಿಹೋಗುವುದೂ ಉಂಟು. ಹಿಂಭಾಗಕ್ಕೂ ಪಕ್ಕಗಳಿಗೂ ಪ್ರತಿಫಲಕ ಪಟ್ಟಿ ಅಂಟಿಸುವುದಕ್ಕೆ ತಗಲುವ ವೆಚ್ಚ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ.

ಹೆದ್ದಾರಿ ಬಿಟ್ಟರೆ ಇಲ್ಲಿಯ ವಿಶೇಷ ಕೆರೆ ಏರಿಯ ದಾರಿಗಳು. ಅನೇಕ ಊರುಗಳಿಗೆ ಏರಿಯ ಮೇಲೆಯೇ ರಸ್ತೆ. ಅದು ಕಿರಿದು, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಆಳ. ಏರಿಗೆ ಹತ್ತುವ ಮತ್ತು ಇಳಿಯುವ ತುದಿಗಳಲ್ಲಿ ಥಟ್ಟನೆ ಕಡಿದಾದ ಏರಿಳಿತ. ಎದುರು ವಾಹನಕ್ಕೆ ದಾರಿ ಬಿಡಲು ಅಂಚಿಗೆ ಸರಿದಾಗ ಮೆತ್ತನೆಯ ಮಣ್ಣು ಕುಸಿದರೆ ಟ್ರೇಲರ್ ಟ್ರ್ಯಾಕ್ಟರನ್ನೂ ಎಳೆದುಕೊಂಡು ಉರುಳುತ್ತದೆ. ತುಮಕೂರಿನ ದೇವರಾಯನದುರ್ಗ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹಾಗೂ ಹುಲಿಯೂರುದುರ್ಗದ ಸುತ್ತಿನ ಗುಡ್ಡಗಾಡು ರಸ್ತೆಗಳೂ ಇಂಥವೇ. ಇಳಿಯುವ ಮೊದಲೇ, ಆ ಏರನ್ನು ಹತ್ತಲು ಬೇಕಾಗುವ ಗೇರಿಗೆ ಇಳಿಸಿಕೊಂಡು ಎಂಜಿನ್ನಿನ ತಡೆಯಿಂದಲೇ ನಿಧಾನವಾಗಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ಗೇರ್ ತಪ್ಪಿಸಿ ಜಾರಿಕೊಂಡು ಇಳಿಯುವುದು ಅತ್ಯಂತ ಅಪಾಯಕರ. ಮಧ್ಯದಲ್ಲಿ ಮತ್ತೆ ಗೇರ್ ಬೀಳದಿದ್ದರೆ ಉಳಿಯುವುದು ಎರಡು ಚಕ್ರಗಳ ಬ್ರೇಕ್ ಮಾತ್ರ.

ಕೊಳ್ಳುವಾಗ ನೋಡಬೇಕಾದ ದಾಖಲೆ

ಟ್ರ್ಯಾಕ್ಟರುಗಳನ್ನು ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳು ಪರೀಕ್ಷಿಸಿ ವರದಿ ಕೊಡುತ್ತವೆ. ಇವುಗಳಲ್ಲಿ ಮುಖ್ಯವಾದುದು ಮಧ್ಯಪ್ರದೇಶದ ಬುದ್ನಿಯಲ್ಲಿದೆ; ದಕ್ಷಿಣ ಭಾರತದ ಸಂಸ್ಥೆ ಆಂಧ್ರಪ್ರದೇಶದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿದೆ. ಮಾರಾಟದ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಎಂಜಿನ್ನಿನ ಅಶ್ವಶಕ್ತಿ. ಪರೀಕ್ಷಾ ವರದಿಯಲ್ಲಿ ಕೊಂಡಿಯಲ್ಲಿ ದೊರೆಯುವ ಶಕ್ತಿ, ಗರಿಷ್ಠ ಎಳೆತ, ಮುಂದಿನ ಹಾಗೂ ಹಿಂದಿನ ಅಚ್ಚುಗಳ ಮೇಲಿನ ತೂಕ, ಬ್ರೇಕಿನ ಪರೀಕ್ಷೆ ಮೊದಲಾದ ವಿವರಗಳಿರುತ್ತವೆ. ಟ್ರೇಲರ್ ಕೆಲಸಕ್ಕೆ ಕೊಳ್ಳುವವರು ಓದಬೇಕಾದುದು ಎರಡನೆಯದನ್ನು. ಅದು ವ್ಯಾಪಾರಿಯ ಬಳಿ ಇರಬೇಕು, ಕೇಳುವವರು ಕಡಿಮೆ.

೪೦ರಿಂದ ೫೦ ಅಶ್ವಶಕ್ತಿಯ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ ೧,೮೦೦ರಿಂದ ೨,೩೦೦ ಕಿಲೋ ತೂಗುತ್ತವೆ. ಉಳುಮೆಗೆ ಮಾತ್ರ ನೋಡಿದರೆ ಇವುಗಳಲ್ಲಿ ಹಗುರವಾದುದು ಡೀಸೆಲ್ ಉಳಿಸಬಹುದು, ಗದ್ದೆಯಲ್ಲಿ ಹೂತುಕೊಳ್ಳುವುದೂ ಕಡಿಮೆ. ವರ್ಷದಲ್ಲಿ ಹೆಚ್ಚು ದಿನ ಬಾಡಿಗೆಗೆ ಇಟ್ಟಿಗೆ, ಮರಳು, ನೀರು ಹೊಡೆಯುವ ಟ್ರ್ಯಾಕ್ಟರಾದರೆ ತೂಕದ್ದನ್ನೇ ಕೊಳ್ಳಬೇಕು. ಎರಡೂ ಕೆಲಸಕ್ಕೆ ಒಂದೇ ಟ್ರ್ಯಾಕ್ಟರ್ ಇಟ್ಟುಕೊಳ್ಳುವ ಸಣ್ಣ ರೈತನು ಹೊರೆಯನ್ನು ಟ್ರ್ಯಾಕ್ಟರಿಗೆ ತಕ್ಕಂತೆ ಇಳಿಸಿಕೊಳ್ಳುವುದೊಂದೇ ದಾರಿ. ಬ್ರೇಕಿಲ್ಲದ ಟ್ರೇಲರಾದರೆ ಅದರ ಒಟ್ಟು ತೂಕ ಟ್ರ್ಯಾಕ್ಟರಿನ ತೂಕವನ್ನು ಬಹಳ ಮೀರದಂತೆ ನೋಡಿಕೊಳ್ಳುವುದು, ಅದರಲ್ಲೂ ಗುಡ್ಡದ ದಾರಿಯಲ್ಲಿ, ವಿವೇಕ.

ಕಾನೂನು

೧೯೮೮ರ ಮೋಟಾರು ವಾಹನಗಳ ಕಾಯ್ದೆಯಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರುಗಳಿಗೆ ಬೇರೆ ಬೇರೆ ವ್ಯಾಖ್ಯೆಗಳಿವೆ. ತಾನಾಗಿ ಹೊರೆ ಹೊರಲು ನಿರ್ಮಿಸದ ಮೋಟಾರು ವಾಹನ ಟ್ರ್ಯಾಕ್ಟರ್. ಮೋಟಾರು ವಾಹನದಿಂದ ಎಳೆಯಲ್ಪಡುವುದು ಟ್ರೇಲರ್. ಎರಡಕ್ಕೂ ಪ್ರತ್ಯೇಕ ನೋಂದಣಿ ಇರುತ್ತದೆ. ಟ್ರ್ಯಾಕ್ಟರಿಗೆ ಮಾತ್ರ ವಿಮೆ ಮಾಡಿಸಿ ಟ್ರೇಲರನ್ನು ಬಿಟ್ಟಿದ್ದರೆ ಅಪಘಾತವಾದಾಗ ಪರಿಹಾರದ ಹೊರೆ ಮಾಲೀಕನ ಮೇಲೆ ಬೀಳುವ ಸಂಭವವಿದೆ.

ಈ ವಿಷಯದಲ್ಲಿ ಕರ್ನಾಟಕದಿಂದ ಹೋದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ಮುಖ್ಯ ತೀರ್ಪುಗಳನ್ನು ನೀಡಿದೆ. ಟ್ರ್ಯಾಕ್ಟರ್ ಓಡಿಸಲು ಪರವಾನಗಿ ಇರುವವನು ಅದಕ್ಕೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ೨೦೦೧ರಲ್ಲಿ ಹೇಳಿತು. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಕೂಡಿದಾಗ ಅದು ಕಾಯ್ದೆಯ ಅರ್ಥದಲ್ಲಿ ಸರಕು ಸಾಗಣೆ ವಾಹನವೆನಿಸುತ್ತದೆ ಎಂದು ೨೦೦೫ರಲ್ಲಿ ತೀರ್ಮಾನಿಸಿತು. ಲಘು ವಾಹನ ಪರವಾನಗಿ ಉಳ್ಳವರು ೭,೫೦೦ ಕಿಲೋ ಮಿತಿಯೊಳಗಿನ ಸಾಗಣೆ ವಾಹನಗಳನ್ನು ಓಡಿಸಬಹುದೆಂಬ ೨೦೧೭ರ ತೀರ್ಪನ್ನು ಸಂವಿಧಾನ ಪೀಠವು ೨೦೨೪ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಮಿತಿ ಮೀರಿ ಹೊರೆ ತುಂಬಿದರೆ ೨೦೧೯ರ ತಿದ್ದುಪಡಿಯಂತೆ ದಂಡ ೨೦,೦೦೦ ರೂಪಾಯಿ. ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ ೨,೦೦೦ ರೂಪಾಯಿ.

ಜನರ ಸಾಗಣೆ

ಟ್ರೇಲರ್ ಜನರನ್ನು ಕೂರಿಸಲು ನಿರ್ಮಿತವಾದುದಲ್ಲ. ಆದರೂ ಮದುವೆ ದಿಬ್ಬಣ, ಎಡೆಯೂರು ಸಿದ್ಧಲಿಂಗೇಶ್ವರ ಜಾತ್ರೆ, ಗುಬ್ಬಿ ಚನ್ನಬಸವೇಶ್ವರ ಜಾತ್ರೆಗಳಿಗೆ ಹುಲ್ಲು ಹಾಸಿದ ಟ್ರೇಲರಿನಲ್ಲಿ ಹೆಂಗಸರು ಮಕ್ಕಳಾದಿಯಾಗಿ ಹೋಗುವುದು ಹಿಂದಿನ ಕಮಾನು ಗಾಡಿಯ ಪಯಣದ ಮುಂದುವರಿಕೆಯಂತೆ ಬೆಳೆದುಬಂದಿದೆ. ಕೂಲಿಯವರು ಹೊರೆಯ ಮೇಲೆ ಕುಳಿತು ಹೋಗುವುದಂತೂ ದಿನನಿತ್ಯದ ನೋಟ. ಎತ್ತಿನ ಗಾಡಿ ಸಾಗುತ್ತಿದ್ದುದು ನಡಿಗೆಯ ವೇಗದಲ್ಲಿ. ಮಗುಚಿದರೂ ಜನ ಹಾರಿಕೊಳ್ಳಬಹುದಿತ್ತು. ಟ್ರೇಲರ್ ಮಗುಚಿದಾಗ ಜನರು ಅದರ ಅಡಿಗೂ ಅದರ ಹೊರೆಯ ಅಡಿಗೂ ಸಿಕ್ಕುತ್ತಾರೆ. ಹಿಡಿದುಕೊಳ್ಳಲು ಕಂಬಿಯಾಗಲಿ ಮೇಲೆ ಮರೆಯಾಗಲಿ ಇರುವುದಿಲ್ಲ. ಸರಕು ಟ್ರೇಲರಿನಲ್ಲಿ ಹೋಗುವ ಪ್ರಯಾಣಿಕರು ಸಾಮಾನ್ಯವಾಗಿ ವಿಮೆಯ ರಕ್ಷಣೆಗೆ ಒಳಪಡುವುದಿಲ್ಲವಾದ್ದರಿಂದ ಗಾಯಗೊಂಡ ಅಥವಾ ಸತ್ತವರ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಗುತ್ತದೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತುಕೊಳ್ಳುವುದು ಇನ್ನೂ ಕೆಟ್ಟದ್ದು. ಒಂದು ಹಂಪಿನಲ್ಲಿ ಜಾರಿದರೆ ಬೀಳುವುದು ಹಿಂಚಕ್ರ ಮತ್ತು ಟ್ರೇಲರಿನ ನಡುವೆ.

ಪ್ರವಾಸಿ ಟ್ರೇಲರುಗಳು

ಅಮೆರಿಕ, ಯೂರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿ ಮಲಗುವ ಕೋಣೆ, ಅಡುಗೆಯ ಜಾಗಗಳುಳ್ಳ ಮನೆಯಂಥ ಟ್ರೇಲರನ್ನು ಕಾರು ಅಥವಾ ಪಿಕ್‌ಅಪ್ ವಾಹನದ ಹಿಂದೆ ಕಟ್ಟಿಕೊಂಡು ಪ್ರವಾಸ ಮಾಡುವ ರೂಢಿ ಇದೆ. ಭಾರತದಲ್ಲಿ ಕಾಣುವ ಕ್ಯಾರವಾನುಗಳು ಬಹುಪಾಲು ಸ್ವಂತ ಎಂಜಿನ್ ಉಳ್ಳವು. ಎಳೆಯುವ ಬಗೆಯವು ವಿರಳ. ಅಲ್ಲಿಯೂ ಆಯ್ಕೆಯ ಲೆಕ್ಕ ಇದೇ. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲಿರಬೇಕೆಂಬ ಅಮೆರಿಕದ ನಿಯಮ ಎರಡು ಚಕ್ರದ ಟ್ರೇಲರಿಗೆ ಹೇಳಿದುದೇ ಆಗಿದೆ. ಕಾರಿನ ವೇಗ ಮೂರು ಪಟ್ಟು ಹೆಚ್ಚಾದ್ದರಿಂದ ತೂಗಾಟದ ಅಪಾಯ ಅಲ್ಲಿ ಇನ್ನೂ ದೊಡ್ಡದು. ವೇಗ ಮೂರು ಪಟ್ಟಾದರೆ ನಿಲ್ಲಲು ಬೇಕಾದ ದೂರ ಒಂಬತ್ತು ಪಟ್ಟಾಗುತ್ತದೆ. ಆ ದೇಶಗಳಲ್ಲಿ ವಾಹನ ತಯಾರಕರು ಎಷ್ಟು ತೂಕ ಎಳೆಯಬಹುದೆಂಬುದನ್ನು ಕೈಪಿಡಿಯಲ್ಲಿ ನಮೂದಿಸುತ್ತಾರೆ, ನಿರ್ದಿಷ್ಟ ತೂಕ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಭಾರತದಲ್ಲಿ ಕೈಪಿಡಿಯಲ್ಲಿ ಇಂಥ ಅಂಕಿ ಇಲ್ಲದ ಕಾರಿಗೆ ಹೊರಗಿನ ಗ್ಯಾರೇಜಿನಲ್ಲಿ ಕೊಂಡಿ ಬೆಸೆಸಿ ಟ್ರೇಲರ್ ಕಟ್ಟುವುದು ಬ್ರೇಕಿನ ದೃಷ್ಟಿಯಿಂದಲೂ ವಿಮೆಯ ದೃಷ್ಟಿಯಿಂದಲೂ ಸಲ್ಲದು.